ಏಳೆಳೆಯ ದಾರ

ಅದು ಶುರುವಾದದ್ದು ಮಧ್ಯಾಹ್ನ ಮೂರು ಗಂಟೆಗೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ನಿಲಂಗಾದ ತಹಸೀಲ ಕಚೇರಿಯ ಮುಂದೆ ತೂಗುಹಾಕಿದ್ದ ಕಂಚಿನ ತಟ್ಟೆಗೆ ಜವಾನ ಆಗಷ್ಟೇ ಮೂರನೆಯ ಪೆಟ್ಟು ಹಾಕಿದ್ದ. ಆ ಸದ್ದು ಇನ್ನೂ ಪೂರ್ತಿ ಅಡಗಿರಲಿಲ್ಲ. ಅಷ್ಟರಲ್ಲಿ ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಹುಡುಗಿಯರ ನಗು ಒಮ್ಮೆಲೇ ನಿಂತಿತು. ಹುಡುಗಿಯರ ಗುಂಪಿನ ನಗು ಹಾಗೆ ನಿಲ್ಲುವುದಿಲ್ಲ. ಒಬ್ಬಳದು ನಿಂತರೂ ಇನ್ನೊಬ್ಬಳದು ಉಳಿದಿರುತ್ತದೆ. ಅಂದು ಎಲ್ಲರದೂ ಒಟ್ಟಿಗೆ ನಿಂತಿತು. ನಾನು ತಿರುಗಿ ನೋಡಿದೆ.

ಇದನ್ನು ಬರೆಯಬೇಕೆಂದು ಎಂದೂ ಅಂದುಕೊಂಡವಳಲ್ಲ. ಕಳೆದ ತಿಂಗಳು ಉದಗೀರಕ್ಕೆ ಹೋದಾಗ ಪೇಟೆಯಲ್ಲಿ ಚಪ್ಪಲಿ ಕಿತ್ತುಹೋಯಿತು. ಮೂಲೆಯಲ್ಲಿ ಕುಳಿತಿದ್ದ ಮುದುಕನ ಮುಂದೆ ಅದನ್ನಿಟ್ಟು ನಿಂತೆ. ಆತ ಉದ್ದನೆಯ ದಾರವೊಂದನ್ನು ತೊಡೆಯ ಮೇಲೆ ಹೊಸೆದು, ಕರಿ ಮೇಣದ ಉಂಡೆಗೆ ತಿಕ್ಕಿ ತಿಕ್ಕಿ ಎಳೆಯತೊಡಗಿದ. ಬಿಸಿಲಿಗೆ ಮೆತ್ತಗಾದ ಆ ಮೇಣದ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ತಾನಾಗಿ ಗಂಟಲಿಗೆ ಹೋಯಿತು.

"ಏನಾತ್ರಿ ಬಾಯಿ? ನೀರು ಬೇಕೇನ್ರಿ?" ಎಂದ ಮುದುಕ.

"ಮೇಣ ಹಚ್ಚಬ್ಯಾಡಪ್ಪ," ಎಂದೆ.

"ಹಚ್ಚಲಿಲ್ಲಂದ್ರ ದಾರ ಹರೀತದಲ್ರಿ!"

ಹರಿಯಲಿ ಎನ್ನಬೇಕಿತ್ತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಹಾಗೇ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಇಷ್ಟು ವರ್ಷಗಳಾದ ಮೇಲೂ ಹೀಗಾಗುತ್ತದೆ.

ನಿಜಾಮರ ಆಳ್ವಿಕೆಯ ಕಾಲ. ನಾನು ಕಲಬುರ್ಗಿಯವಳು. ಹೈದರಾಬಾದಿನ ಕಾಲೇಜಿನಲ್ಲಿ ಓದಿ ಮುಗಿಸಿದ ವರ್ಷವೇ ನಿಲಂಗಾದ ಹೆಣ್ಣುಮಕ್ಕಳ ಶಾಲೆಗೆ ನೇಮಕವಾಯಿತು. ಮುಂಗಾರಿನ ಮಿರಗದ ಮಳೆ ಬಿದ್ದು ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತಿದ್ದ ದಿನಗಳಲ್ಲಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಬಂಡಿಯಿಂದಿಳಿದೆ. ಶಾಲೆಯೆಂದರೆ ಎರಡು ಕೋಣೆ, ಒಂದು ಪಡಸಾಲೆ, ಬೇವಿನ ಮರವಿದ್ದ ಅಂಗಳ. ಕಾಗದಪತ್ರ ಉರ್ದುವಿನಲ್ಲಿ, ಪಾಠ ಉರ್ದು-ಮರಾಠಿಯಲ್ಲಿ, ಹುಡುಗಿಯರ ಜಗಳ ಮಾತ್ರ ಅಚ್ಚ ಕನ್ನಡದಲ್ಲಿ. ಶಾಲೆಯ ಆಯಾ ಬೀಯಮ್ಮ ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುತ್ತಿದ್ದಳು, ಸಂಜೆ ಮನೆಮನೆಗೆ ಬಿಟ್ಟುಬರುತ್ತಿದ್ದಳು. ಐವತ್ತು ದಾಟಿದ ಮುಸಲ್ಮಾನ ಹೆಂಗಸು. ಸೊಂಟದಲ್ಲಿ ಎಲೆಯಡಿಕೆಯ ಚೀಲ, ಬಾಯಲ್ಲಿ ಎಲ್ಲರಿಗೂ ಒಂದೊಂದು ಬೈಗುಳ. ಊರಿಗೆ ನಾನು ಬಾಯಾರು, ಅವಳಿಗೆ ಉಸ್ತಾನಿ; ಎರಡಕ್ಕೂ ಅರ್ಥ ಶಿಕ್ಷಕಿ.

ನಾನು ಬಂದ ವಾರದಲ್ಲೇ ಇಲಾಖೆಯಿಂದ ಹುಕುಂ ಬಂತು. ಹೆಣ್ಣುಮಕ್ಕಳಿಗೂ ವಾರಕ್ಕೆ ಮೂರು ದಿನ ವರ್ಜಿಶ್, ಎಂದರೆ ವ್ಯಾಯಾಮ, ಕಡ್ಡಾಯ. ದೀಪಾವಳಿ ಕಳೆದ ಮೇಲೆ ತನಿಖೆಗೆ ಬರುತ್ತೇವೆ. ಜೊತೆಗೆ ಒಂದು ಚಿತ್ರಪಟ: ಚಡ್ಡಿ ತೊಟ್ಟ ಹುಡುಗರು ಕೈ ಮೇಲೆತ್ತಿ, ಕೆಳಗಿಳಿಸಿ, ಪಕ್ಕಕ್ಕೆ ಚಾಚಿ ನಿಂತ ಹನ್ನೆರಡು ಚಿತ್ರಗಳು.

ಮೊದಲ ದಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ "ಹೋಶಿಯಾರ್!" ಎಂದು ಕೂಗಿದೆ. ಹುಡುಗಿಯರು ಸೆರಗು ಬಿಗಿಹಿಡಿದು, ತಲೆ ತಗ್ಗಿಸಿ, ಯಾರೋ ಬೈದಂತೆ ನಿಂತರು. ಎರಡನೆಯ ದಿನ ಅರ್ಧಕ್ಕರ್ಧ ಮಂದಿಗೆ ಹೊಟ್ಟೆನೋವು. ಮೂರನೆಯ ದಿನ ಉಳಿದವರ ಕಾಲು ಉಳುಕಿತ್ತು.

"ನಾಳೆ ಯಾರಿಗೆ ಕಣ್ಣುಬ್ಯಾನಿ ಬರ್ತದ, ಈಗೇ ಹೇಳಿಬಿಡ್ರಿ, ಬರಕೋತೀನಿ," ಎಂದೆ ಸಿಟ್ಟಿನಿಂದ.

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಬರಕೋಬ್ಯಾಡ್ರಿ ಬಾಯಾರ. ಕೇಳ್ರಿ. ಕೇಳಿದ್ರ ನಾ ಹೇಳ್ತೀನಿ."

ಅದು ಕಾಶಿ. ಊರಿನ ಮನೆಗಳಿಗೆ ಪೂಜೆ, ಲಿಂಗದೀಕ್ಷೆ ಮಾಡಿಸುತ್ತಿದ್ದ ಜಂಗಮ ಅಯ್ಯನವರ ಮಗಳು, ಹನ್ನೆರಡರ ಹುಡುಗಿ. ತಾಯಿ ಇರಲಿಲ್ಲ, ಬೆಳೆಸಿದವಳು ಅಜ್ಜಿ; ಆ ಕಡೆ ಅಜ್ಜಿಯನ್ನು ಆಯಿ ಎನ್ನುತ್ತಾರೆ. ಔರಾದ ಶಹಾಜನಿಯ ದಾರಿಯಲ್ಲಿ ಅವರಿಗೊಂದು ಹೊಲವಿತ್ತು. ಜೋಳ ತೆನೆಗಟ್ಟುವ ಕಾಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸಿ ಬೆಳೆದ ಕಂಠ ಅವಳದು. ಅವಳು ಪಿಸುಗುಟ್ಟಿದರೂ ಚಾವಡಿಗೆ ಕೇಳುತ್ತದೆ ಎಂದು ಬೀಯಮ್ಮ ಬೈಯುತ್ತಿದ್ದಳು.

"ಹೇಳವ್ವ," ಎಂದೆ.

"ಗ್ವಾಡಿ ಗಿಡ್ಡ ಅದ್ರಿ. ಚಾವಡಿ ಕಟ್ಟಿ ಮ್ಯಾಗ ಕುಂತ ಗಂಡಸರು ನಮ್ಮನ್ನೇ ನೋಡ್ತಾರ. ಕೈ ಎತ್ತಿದ್ರ ಸೆರಗು ಜಾರ್ತದ. ಮತ್ತ ಇದೇನ್ರಿ ಆಟ? ಕೈ ಮ್ಯಾಗ, ಕೈ ಕೆಳಗ. ನಾವೇನು ಕಳ್ಳತನ ಮಾಡಿ ಸಿಪಾಯಿ ಕೈಯಾಗ ಸಿಕ್ಕೀವೇನು?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತ ಮೇಲೂ ನನಗೆ ಹೊಳೆಯದಿದ್ದ ಮಾತು ಅದು: ಅವರನ್ನು ಕೇಳಬೇಕಿತ್ತು.

ಮರುವಾರ ಗೋಡೆಯ ಮೇಲೆ ಜೋಳದ ಕಣಿಕೆಯ, ಎಂದರೆ ಒಣ ದಂಟಿನ, ತಟ್ಟಿ ಕಟ್ಟಿಸಿದೆ. ಹೊಲದ ಕೆಲಸಕ್ಕೆ ಹೋಗುವ ಹೆಂಗಸರ ಹಾಗೆ ಕಚ್ಚೆ ಹಾಕಿಕೊಳ್ಳಿರಿ ಎಂದೆ. ಚಿತ್ರಪಟವನ್ನು ತೆಗೆದು ಕಪಾಟಿನೊಳಗಿಟ್ಟು, ಅವರಿಗೆ ಬರುವ ಆಟಗಳನ್ನೇ ಆಡಿಸಿದೆ. ಕುಂಟಾಟ, ಹಗ್ಗದಾಟ, ಕೈಕೈ ಹಿಡಿದು ಗರಗರ ತಿರುಗುವ ಫುಗಡಿ. ಎಣಿಕೆ ಕಾಶಿಯದು. "ಒಂದ! ಎರಡ!" ಎಂದು ಅವಳು ಕೂಗಿದರೆ ಬೇವಿನ ಮರದ ಗಿಳಿಗಳು ಏಳುತ್ತಿದ್ದವು. ಆಷಾಢದ ನಡುವಿನ ಹೊತ್ತಿಗೆ ಹೊಟ್ಟೆನೋವು, ಕಾಲುನೋವು ಎಲ್ಲ ಮಾಯವಾದವು. ವರ್ಜಿಶ್ ಇಲ್ಲದ ದಿನವೂ "ಇವತ್ತು ಇಟ್ಟಬಿಡ್ರಿ ಬಾಯಾರ" ಎಂದು ದುಂಬಾಲು ಬೀಳುತ್ತಿದ್ದರು. ಹೆಣ್ಣುಮಕ್ಕಳು ಬಾಯಿ ತೆರೆದು ಏದುಸಿರು ಬಿಡುತ್ತ, ಬೆವರೊರೆಸಿಕೊಳ್ಳುತ್ತ ನಗುವುದನ್ನು ನೋಡಿದರೆ ನನ್ನ ಎದೆ ತುಂಬುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ.

ಆಗ ಕಾಶಿಯ ಆಯಿ ಬಂದಳು. ಬಾಗಿಲ ಹೊರಗೇ ನಿಂತು ಮಾತಾಡಿದಳು.

"ಬಾಯಾರ, ಪೋರಿಗೋಳು ಕುಣೀಲಿ, ನಾ ಬ್ಯಾಡ ಅನ್ನಂಗಿಲ್ಲ. ಖರೆ ಅವರ ಕೊರಳಾಗ ಲಿಂಗಪ್ಪ ಹಾನ. ಕುಣಿಯೋ ಮುಂದ ದಾರ ಹರದು ನೆಲಕ್ಕ ಬಿದ್ದ್ರ ಹೆಂಗ್ರಿ? ಮ್ಯಾಗಿನ ಓಣ್ಯಾಗ ಒಂದು ಪೋರಿದು ಹರದದ. ದಿನಾಪೂರ್ತಿ ಹನಿ ನೀರು ಕುಡದಿಲ್ಲ ಕೂಸು. ಮನಿ ಮಂದಿ ಎಲ್ಲ ಅತ್ತಾರ. ಇನ್ನ ಮುಂದ ನಮ್ಮ ಓಣಿ ಪೋರಿಗೋಳು ಕುಣ್ಯಾಕ ಬರಂಗಿಲ್ಲ ನೋಡ್ರಿ."

ಆ ಮನೆಗಳಲ್ಲಿ ಹೆಣ್ಣು ಗಂಡು ಎಲ್ಲರೂ ಇಷ್ಟಲಿಂಗವನ್ನು ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಜೀವವಿರುವ ತನಕ ಅದನ್ನು ತೆಗೆಯುವಂತಿಲ್ಲ, ನೆಲಕ್ಕೆ ತಾಗಿಸುವಂತಿಲ್ಲ. ಕರಡಿಗೆಯನ್ನು ಕಟ್ಟುವ ನೂಲು ಶಿವದಾರ. ನಮ್ಮ ಮನೆತನದಲ್ಲಿ ಆ ಪದ್ಧತಿ ಇರಲಿಲ್ಲ. ನನಗೆ ಅದು ಬರೀ ದಾರದ ಪ್ರಶ್ನೆಯಾಗಿ ಕಂಡಿತು. ಹರಿಯುವ ದಾರವಿದ್ದರೆ ಹರಿಯದ ದಾರ ಮಾಡಿದರಾಯಿತು.

ಹೊಲಿಗೆ ತರಗತಿಯಲ್ಲಿ ಆ ಕೆಲಸ ಹಿಡಿದೆ. ಏಳೆಳೆ ಹತ್ತಿ ನೂಲು. ಅಂಗಳದ ಆ ತುದಿಗೊಬ್ಬಳು, ಈ ತುದಿಗೊಬ್ಬಳು ನಿಂತು ಹುರಿ ಮಾಡುತ್ತ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡಬೇಕು. ಅದೂ ಒಂದು ಆಟವಾಯಿತು. ಕೊನೆಗೆ ಜೇನುಮೇಣ ತಿಕ್ಕಿ ನುಣುಪು ಮಾಡಿದೆವು. ಮೊದಲ ದಾರವನ್ನು ಆಯಿಯ ಕೈಗೆ ಕೊಟ್ಟೆ. ಅವಳು ಎರಡೂ ಕೈಗೆ ಸುತ್ತಿಕೊಂಡು ಹಲ್ಲು ಕಚ್ಚಿ ಜಗ್ಗಿದಳು. ಹರಿಯಲಿಲ್ಲ.

"ಎತ್ತು ಕಟ್ಟಿದ್ರೂ ಹರಿಯಂಗಿಲ್ಲ," ಎಂದು ನಕ್ಕಳು. ಆ ಮಾತು ನನಗೆ ಹೊಗಳಿಕೆಯಾಗಿ ಕೇಳಿತ್ತು.

ವಾರದೊಳಗೆ ಓಣಿಯ ಹುಡುಗಿಯರೆಲ್ಲರ ಕೊರಳಲ್ಲೂ ಏಳೆಳೆಯ ದಾರ.

ಶ್ರಾವಣ ಬಂತು, ಪಂಚಮಿ ಹತ್ತಿರವಾಯಿತು. ಜೋಕಾಲಿಯನ್ನು ಶಾಲೆಯ ಬೇವಿನ ಮರಕ್ಕೇ ಹಾಕೋಣ ಎಂದವಳು ನಾನು. ಶಾಲೆಯ ಹೊಸ್ತಿಲು ತುಳಿಯದ ಹುಡುಗಿಯರೂ ಜೋಕಾಲಿಗೆ ಬರುತ್ತಾರೆ. ಬಂದವರು ನಾಳೆ ಫುಗಡಿಗೂ ನಿಲ್ಲುತ್ತಾರೆ. ಅದು ನನ್ನ ಲೆಕ್ಕಾಚಾರ. ಅಯ್ಯನವರು ತಮ್ಮ ಹೊಲದ ಬಾವಿಯಿಂದ ನೀರೆತ್ತುವ ದಪ್ಪ ಹಗ್ಗವನ್ನು ಕಳಿಸಿಕೊಟ್ಟರು.

ಪಂಚಮಿಯಂದು ಆ ಸೀಮೆಯಲ್ಲಿ ಯಾರೂ ಹರಿತವಾದದ್ದನ್ನು ಮುಟ್ಟುವುದಿಲ್ಲ. ಹೊಲದಲ್ಲಿ ನೇಗಿಲಿಲ್ಲ, ಅಡುಗೆಮನೆಯಲ್ಲಿ ಈಳಿಗೆಯಿಲ್ಲ. ಹೆಚ್ಚುವುದಿಲ್ಲ, ಕೊಯ್ಯುವುದಿಲ್ಲ, ಒಲೆಗೆ ಹಂಚೂ ಇಡುವುದಿಲ್ಲ. ನಾಗಪ್ಪನಿಗೆ ನೋವಾಗುತ್ತದೆಂದು ನಂಬಿಕೆ. ಹಿಂದಿನ ಸಂಜೆ ಕಾಶಿ ನನ್ನ ಮೇಜಿನ ಮೇಲಿದ್ದ ಹೊಲಿಗೆಯ ಕತ್ತರಿಯನ್ನು ನೋಡಿದಳು.

"ಬಾಯಾರ, ನಾಳೆ ಇದು ಹೊರಗ ಇರಬಾರದ್ರಿ."

"ನಾನೇನು ನಾಳೆ ಹೊಲಿಯಂಗಿಲ್ಲವ್ವ."

"ಕಣ್ಣಿಗಿ ಬೀಳಬಾರದ್ರಿ. ಕಪಾಟದಾಗ ಇಟ್ಟು ಕೀಲಿ ಹಾಕ್ರಿ. ನೀವು ನಮ್ಮವರೇ ಆದ್ರ ಹಾಕ್ರಿ."

ಅವಳೇ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟಳು. ನಾನು ಕೀಲಿ ಹಾಕಿದೆ. ಅವರಲ್ಲಿ ಒಬ್ಬಳೆನಿಸಿಕೊಳ್ಳುವ ಆಸೆ ನನಗಷ್ಟಿತ್ತು. ಕೀಲಿಕೈಯನ್ನು ಮನೆಗೆ ಒಯ್ದು ಟ್ರಂಕಿನಲ್ಲಿಟ್ಟೆ.

ಮರುದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹುಡುಗಿಯರು ಹೊಸ ಸೀರೆಯುಟ್ಟು, ಜಡೆಗೆ ಹೂ ಹೆಣೆದುಕೊಂಡು ಬಂದರು. ಸರದಿಯ ಮೇಲೆ ಜೀಕಿದರು. ಮಧ್ಯಾಹ್ನದ ಹೊತ್ತಿಗೆ ಹಿಂದೆ ಮುಂದೆ ಜೀಕಿ ಸಾಕಾಗಿ ಹೊಸ ಆಟ ಹುಡುಕಿದರು. ಜೋಕಾಲಿಯ ಮೇಲೆ ಒಬ್ಬಳನ್ನು ನಿಲ್ಲಿಸಿ, ಎರಡೂ ಹಗ್ಗಗಳು ಒಂದಕ್ಕೊಂದು ಹುರಿಗೊಳ್ಳುವ ತನಕ ಅವಳನ್ನು ತಿರುಗಿಸಿ ಬಿಟ್ಟುಬಿಡುವುದು. ಹಗ್ಗ ಬಿಚ್ಚಿಕೊಳ್ಳುವಾಗ ಅವಳು ಬುಗುರಿಯಂತೆ ತಿರುಗುತ್ತಾಳೆ. ಜೋಕಾಲಿಯ ಮೇಲಿನ ಫುಗಡಿ. ನಾನು ಪಡಸಾಲೆಯಲ್ಲಿ ಕುಳಿತು ನೋಡುತ್ತಿದ್ದೆ. ಬೇಡ ಎನ್ನಲಿಲ್ಲ. ಚೆನ್ನಾಗಿದೆ, ನಾಳೆ ವರ್ಜಿಶ್ ದಫ್ತರದಲ್ಲಿ ಬರೆಯಬೇಕು ಎಂದುಕೊಂಡೆ.

ಮೂರು ಗಂಟೆಗೆ ಕಾಶಿಯ ಸರದಿ. ನಾನು ತಟ್ಟೆಯ ಸದ್ದಿನ ಕಡೆ ಮುಖ ತಿರುಗಿಸಿದ್ದೆ. ನಗು ನಿಂತಿತು. ನಾನು ತಿರುಗಿ ನೋಡಿದೆ.

ಹುರಿಗೊಳ್ಳುತ್ತಿದ್ದ ಹಗ್ಗಗಳ ನಡುವೆ ಅವಳ ಕರಡಿಗೆ ಸಿಕ್ಕಿಕೊಂಡಿತ್ತು. ಮಳೆಗೆ ನೆನೆದ ಹಗ್ಗ ಅದನ್ನು ಕಚ್ಚಿ ಹಿಡಿದಿತ್ತು. ಬಿಡಿಸಿಕೊಳ್ಳಲು ಹೋಗಿ ಅವಳ ಕಾಲು ಒದ್ದೆ ಮಣೆಯಿಂದ ಜಾರಿತ್ತು. ಮಣೆ ಪಕ್ಕಕ್ಕೆ ಹಾರಿತ್ತು. ಕಾಶಿ ಕೊರಳಿನ ದಾರದಿಂದ ತೂಗುತ್ತಿದ್ದಳು. ಬರೀ ನೂಲಾಗಿದ್ದರೆ ಪಟ್ಟನೆ ಹರಿದು ಅವಳು ಕೆಸರಲ್ಲಿ ಬೀಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು.

ಓಡಿ ಅವಳ ಕಾಲುಗಳನ್ನು ತಬ್ಬಿ ಮೇಲೆತ್ತಿ ಹಿಡಿದೆ. ಭಾರ ನನ್ನ ಮೇಲೆ ಬಂದರೂ ದಾರ ಸಡಿಲಾಗಲಿಲ್ಲ. ಅದೂ ಹಗ್ಗದೊಡನೆ ಹುರಿಗೊಂಡು ಕೊರಳಲ್ಲಿ ಹೂತಿತ್ತು. ಗಾಬರಿಯಲ್ಲಿ ಇಬ್ಬರು ಹುಡುಗಿಯರು ಹಗ್ಗ ಬಿಚ್ಚಲು ತಿರುಗಿಸಿದರು. ತಿರುಗಿಸಿದ್ದು ತಪ್ಪು ದಿಕ್ಕಿಗೆ. ದಾರ ಇನ್ನಷ್ಟು ಬಿಗಿಯಿತು. ಕಾಶಿಯ ಹಿಮ್ಮಡಿ ನನ್ನ ಎದೆಗೆ ಒದೆಯುತ್ತಿತ್ತು. ಆಮೇಲೆ ಒದೆಯುವುದು ಕಡಿಮೆಯಾಯಿತು.

"ಈಳಿಗಿ ತರ್ರಿ! ಓಡ್ರಿ!" ಎಂದು ಕಿರುಚಿದೆ.

ಎಂಟು ವರ್ಷದ ಒಬ್ಬಳು ಪಕ್ಕದ ಮನೆಗೆ ಓಡಿದಳು. ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಹೆದರಿದ ಮಗುವಿನ ಬಾಯಿಂದ ಬಂದದ್ದು "ಅತ್ತಿ, ಈಳಿಗಿ ಬೇಕಂತ" ಅನ್ನುವುದಷ್ಟೇ. "ಪಂಚಮಿ ದಿನ ಈಳಿಗಿ ಕೇಳ್ತೀ ಏನ? ಬುದ್ಧಿ ಅದೇನ ನಿನಗ? ನಡಿ," ಎಂದು ಆ ತಾಯಿ ಗದರಿಸಿ ಕಳಿಸಿದಳು. ಮಗು ಎರಡನೆಯ ಮನೆಗೆ ಓಡಿತು. ಅಲ್ಲಿಯೂ ಅದೇ ಮಾತು. ಊರಿನ ಒಂದೊಂದು ಮನೆಯಲ್ಲೂ ಈಳಿಗೆ ಇತ್ತು. ಒಂದೊಂದು ಮನೆಯಲ್ಲೂ ಅದು ಬಟ್ಟೆ ಸುತ್ತಿಕೊಂಡು ಧಾನ್ಯದ ಬುಟ್ಟಿಯ ಹಿಂದೆ ಮಲಗಿತ್ತು. ನನ್ನ ಕತ್ತರಿ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೀಲಿ ಹಾಕಿದ ಕಪಾಟಿನೊಳಗೆ.

ಬೀಯಮ್ಮ ಹಿಂದಿನ ಬಾಗಿಲಿನಿಂದ ಬಂದಳು. ನೋಡಿದಳು. ಸೊಂಟದ ಚೀಲದಿಂದ ಅಡಿಕೆ ಕತ್ತರಿಸುವ ಅಡಕೊತ್ತು ಹಿರಿದಳು. ಹಿರಿದವಳು ನಿಂತುಬಿಟ್ಟಳು.

"ಉಸ್ತಾನಿ ಬಾಯಿ, ಇದು ಅವರ ದೇವರ ದಾರ. ನಾ ಕತ್ತರಸ್ಲೇನು?"

ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಓದಿದವಳು, ಆ ಪದ್ಧತಿಯ ಕಟ್ಟಿಲ್ಲದವಳು, ಕೈಯಲ್ಲಿ ಸಾಯುತ್ತಿದ್ದ ಮಗುವನ್ನು ಹಿಡಿದವಳು, ಊರು ಏನನ್ನುತ್ತದೆ ಎಂದು ಯೋಚಿಸಿದೆ. ಇಂದಿಗೂ ಕಣ್ಣು ಮುಚ್ಚಿದರೆ ನಾನು ಆ ಉಸಿರಿನೊಳಗೇ ನಿಂತಿರುತ್ತೇನೆ.

"ಕತ್ತರಿಸು!"

ಮೇಣ ತಿಕ್ಕಿದ ದಾರದ ಮೇಲೆ ಅಡಕೊತ್ತು ಜಾರಿತು. ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ. ಬೀಯಮ್ಮ ಬಾಯಲ್ಲಿ ಅಲ್ಲಾನನ್ನು ಕರೆಯುತ್ತ, ಕಾಶಿಯನ್ನು ಬೈಯುತ್ತ, ಒಂದೊಂದೇ ಎಳೆ ಕಡಿದಳು. ನಾನು ಎಣಿಸಿದೆ. ಏಳನೆಯದು ಹೋದಾಗ ಕಾಶಿ ನನ್ನ ಮೇಲೆ ಕುಸಿದಳು.

ಎಷ್ಟೋ ಹೊತ್ತಿನ ಮೇಲೆ, ನನಗೆ ಹಾಗನಿಸಿತು, ಅವಳ ಎದೆಯಿಂದ ಗೊರಗೊರ ಸದ್ದು ಬಂತು. ಉಸಿರು. ಹಗ್ಗ ಸಡಿಲಾಗಿ ಕರಡಿಗೆ ಕೆಸರಿಗೆ ಬಿದ್ದದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ನೋಡಿದವಳು ಬೀಯಮ್ಮ. ಮುಟ್ಟಲಾರದೆ ಅದರ ಪಕ್ಕದಲ್ಲೇ ಕುಳಿತು, ಮಳೆ ಬೀಳದಂತೆ ತನ್ನ ಸೆರಗನ್ನು ಅದರ ಮೇಲೆ ಚಾಚಿ ಹಿಡಿದಳು. "ಈ ಕಡಿ ಕಾಲಿಡಬ್ಯಾಡ್ರಿ, ದೂರ ಸರೀರಿ," ಎನ್ನುತ್ತ, ಅಯ್ಯನವರು ಬರುವ ತನಕ ಕೈ ಇಳಿಸದೆ ಕುಳಿತಿದ್ದಳು.

ಅಯ್ಯನವರು ಮಗಳ ಮೂಗಿನ ಬಳಿ ಬೆರಳಿಟ್ಟು ನೋಡಿದರು. ಆಮೇಲೆ ಕರಡಿಗೆಯನ್ನೆತ್ತಿ ಕಣ್ಣಿಗೊತ್ತಿಕೊಂಡರು. ತುಂಡಾದ ದಾರವನ್ನೂ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಈ ದಾರ ಯಾರು ಹೊಸೆದದ್ರಿ?"

"ನಾನು."

"ಕತ್ತರಿಸಿದ್ದು?"

ಬೀಯಮ್ಮ ಅಡಕೊತ್ತನ್ನು ಸೊಂಟದ ಚೀಲದೊಳಗೆ ತಳ್ಳಿದಳು. "ಅದೂ ನಾನೇ," ಎಂದೆ.

ಅವರು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದರು.

ದವಾಖಾನೆಯ ಡಾಕ್ಟರ ಸಾಹೇಬರು ಜೀವಕ್ಕೆ ಭಯವಿಲ್ಲ ಎಂದರು. ಹನ್ನೊಂದು ದಿನ ಕಾಶಿ ಮಾತಾಡಲಿಲ್ಲ. ನಾನು ಹೋದಾಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಕಣ್ಣು ತೆರೆದಿದ್ದರೂ "ಮಲಗ್ಯಾಳ್ರಿ" ಎನ್ನುತ್ತಿದ್ದಳು ಆಯಿ. ಹನ್ನೆರಡನೆಯ ದಿನ ಆ ಕಡೆಯಿಂದಲೇ "ಬಾಯಾರ" ಎಂದಳು. ಒಣಗಿದ ಜೋಳದ ಎಲೆ ಉಜ್ಜಿದಂಥ ಸದ್ದು. ಮುಂದೆಯೂ ಅವಳಿಗೆ ಉಳಿದದ್ದು ಅಷ್ಟೇ ದನಿ.

ಊರು ಜೋಕಾಲಿಯನ್ನು ಬೈಯಿತು. ಸರ್ಕಾರದ ವರ್ಜಿಶನ್ನು ಬೈಯಿತು. ಹೆಣ್ಣುಮಕ್ಕಳನ್ನು ಕುಣಿಸಿದ ನನ್ನನ್ನು ಬೈಯಿತು. ದಾರವನ್ನು ಮಾತ್ರ ಯಾರೂ ಬೈಯಲಿಲ್ಲ. ನನಗೆ ಅದೇ ದಿಗಿಲು. ಓಣಿಯ ಅಷ್ಟೂ ಹುಡುಗಿಯರ ಕೊರಳಲ್ಲಿ ನಾನು ಹೊಸೆದ ಕುಣಿಕೆ ಇತ್ತು. ಬಾವಿಯ ಗಡಗಡೆಗೆ ಬಗ್ಗುವಾಗ, ಬಂಡಿಯಿಂದ ಜಿಗಿಯುವಾಗ, ಮರ ಹತ್ತುವಾಗ ಯಾವ ಕ್ಷಣದಲ್ಲಾದರೂ ಅದು ಎಲ್ಲಿಗಾದರೂ ಸಿಕ್ಕಿಕೊಳ್ಳಬಹುದಿತ್ತು. ಮನೆಮನೆಗೆ ಹೋಗಿ ಬೇಡಿಕೊಂಡೆ.

"ದಾರ ಬದಲು ಮಾಡ್ರಿ ತಾಯಿ, ಹಳೀ ನೂಲೇ ಇರಲಿ."

"ಛಲೋ ಗಟ್ಟಿ ಅದಲ್ರಿ! ಯಾಕ ಬದಲು ಮಾಡಬೇಕು? ಕೊಟ್ಟವರೂ ನೀವೇ, ಕಸಗೊಳ್ಳೋರೂ ನೀವೇ?"

ಅವರ ಮಾತು ಸರಿಯೇ ಆಗಿತ್ತು. ಅವರ ಅಂಜಿಕೆಗೆ ಮದ್ದು ಕೊಟ್ಟವಳು ನಾನು. ಈಗ ಮದ್ದೇ ವಿಷ ಎಂದರೆ ಯಾರು ನಂಬುತ್ತಾರೆ?

ಅಲ್ಲಿಂದ ನನ್ನ ನಿದ್ದೆ ಹೋಯಿತು. ಕಣ್ಣು ಹತ್ತಿದರೆ ಎದೆಗೆ ಹಿಮ್ಮಡಿ ಒದೆಯುತ್ತಿತ್ತು. ಒದೆಯುವುದು ನಿಂತಾಗ ಎಚ್ಚರಾಗುತ್ತಿತ್ತು. ಹಗಲು ಪಾಠ ಹೇಳುವಾಗಲೂ ಹುಡುಗಿಯರ ಮುಖ ಬಿಟ್ಟು ಕೊರಳನ್ನೇ ನೋಡುತ್ತಿದ್ದೆ. ವರ್ಜಿಶ್ ನಿಂತುಹೋಯಿತು. ಕಣಿಕೆಯ ತಟ್ಟಿಯನ್ನು ಯಾರದೋ ಎಮ್ಮೆಗಳು ಎಳೆದು ತಿಂದವು. ದೀಪಾವಳಿ ಕಳೆದು ತನಿಖೆಯ ಬೇಗಂ ಸಾಹೇಬರು ಬಂದರು. ಖಾಲಿ ಅಂಗಳ ನೋಡಿ, 'ಇಲ್ಲಿಯ ಹುಡುಗಿಯರಿಗೆ ವ್ಯಾಯಾಮದಲ್ಲಿ ಆಸಕ್ತಿಯಿಲ್ಲ' ಎಂದು ದಫ್ತರದಲ್ಲಿ ಬರೆದರು. ಕೆಳಗೆ ನನ್ನ ಸಹಿ ಬೇಕಿತ್ತು. ಬಾಯಿ ಬಿಟ್ಟರೆ ಜೋಕಾಲಿಯ ಕತೆ ಹೇಳಬೇಕು, ಬೀಯಮ್ಮನ ಹೆಸರು ಬರುತ್ತದೆ. ಆ ಸುಳ್ಳಿನ ಕೆಳಗೆ ಸಹಿ ಮಾಡಿದೆ.

ಎಳ್ಳ ಅಮಾವಾಸ್ಯೆಯ ದಿನ ಅಯ್ಯನವರ ಮನೆಯಿಂದ ಬಂಡಿ ಬಂತು. ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. "ನಿಮಗೂ ಬೀಯಮ್ಮಗೂ ಹೊಲಕ್ಕ ಕರಕೊಂಡು ಬಾ ಅಂದಾರ್ರಿ," ಎಂದ ಬಂಡಿಯವನು. ಬೀಯಮ್ಮ ನನ್ನ ಮುಖ ನೋಡಿದಳು.

"ಗೊತ್ತಾಗ್ಯಾದೇನೋ," ಎಂದಳು ಮೆಲ್ಲಗೆ.

"ಆಗಿದ್ರ ಆಗಲಿ. ನಾ ಇದ್ದೀನಿ."

"ನೀ ಇದ್ದಿ ಬೇಟಿ, ಖರೆ ಅಡಕೊತ್ತು ನಂದು."

ಹೊಲದಲ್ಲಿ ಜೋಳ ಆಳೆತ್ತರ ನಿಂತು ಹಾಲುಗಾಳು ಕಟ್ಟುತ್ತಿತ್ತು. ಓಣಿಯ ಮಂದಿಯೆಲ್ಲ ಸೇರಿದ್ದರು. ದೊಡ್ಡ ಗಡಿಗೆಗಳಲ್ಲಿ ಭಜ್ಜಿ ಪಲ್ಯ, ಅಂಬಲಿ. ಕಾಶಿ ಅಟ್ಟಣಿಗೆಯ ಮೇಲಿದ್ದಳು. ಹಕ್ಕಿಯ ಹಿಂಡು ಇಳಿದಾಗ ಡಬ್ಬಿಯೊಂದನ್ನು ಕೋಲಿನಿಂದ ಬಡಿಯುತ್ತಿದ್ದಳು. ನಾನು ಆ ಕಡೆ ಬಹಳ ಹೊತ್ತು ನೋಡಲಾರದೆ ಹೋದೆ.

ಉಂಡ ಮೇಲೆ ಅಯ್ಯನವರು ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ ಕುಳಿತು ಹುಡುಗಿಯರನ್ನೆಲ್ಲ ಕರೆದರು. ಮಡಿಲಲ್ಲಿ ತಕಲಿ, ಬಿಳಿ ನೂಲು. ಒಬ್ಬೊಬ್ಬಳನ್ನೇ ಮುಂದೆ ಕೂರಿಸಿ, ಏಳೆಳೆಯ ದಾರ ಬಿಚ್ಚಿ, ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು, ತಾವು ನೂತ ಒಂದೆಳೆಯಲ್ಲಿ ಕಟ್ಟತೊಡಗಿದರು. ತಾಯಂದಿರು ಗುಸುಗುಸು ಎಂದರು.

"ಅಯ್ಯನವರ, ಇದು ಹರೀತದಲ್ರಿ!" ಎಂದಳೊಬ್ಬಳು.

"ಬಾಯಾರ, ಇಲ್ಲಿ ಬರ್ರಿ," ಎಂದರು ಅವರು ನನ್ನ ಕಡೆ ತಿರುಗಿ. ಮುಂದೆ ಕುಳಿತಿದ್ದವಳು ಅಟ್ಟಣಿಗೆಯಿಂದ ಇಳಿದುಬಂದ ಕಾಶಿ. ಕೊರಳ ಸುತ್ತ ಗಾಯದ ಗೆರೆ ಇನ್ನೂ ಕಪ್ಪಗೆ ಕಾಣುತ್ತಿತ್ತು. ಅದರ ಮೇಲೆ ಹೊಸ ನೂಲು. "ಇದನ್ನ ಜಗ್ರಿ."

ನನ್ನ ಕೈ ಮೇಲೇಳಲಿಲ್ಲ.

"ಜಗ್ರಿ ಅಂದೆನಲ್ಲ. ಊರು ನೋಡ್ಲಿ."

ಕಾಶಿ ನನ್ನ ಬೆರಳು ಹಿಡಿದು ನೂಲಿನ ಮೇಲಿಟ್ಟಳು. ಎಳೆದೆ. ಟಪ್ಪೆಂದು ಹರಿಯಿತು. ಕರಡಿಗೆ ಕೆಳಗೆ ಕಾದಿದ್ದ ಅಯ್ಯನವರ ಅಂಗೈಗೆ ಬಿತ್ತು.

"ಹರೀತು," ಎಂದರು ಅವರು ಎಲ್ಲರಿಗೂ ಕೇಳುವ ಹಾಗೆ. "ಏನಾತು? ಮತ್ತ ಕಟ್ಟತೀನಿ. ನೆಲಕ್ಕ ಬಿದ್ದ್ರ ತೊಳದು ಕಟ್ಟತೀನಿ. ಹಗಲ ಬರ್ರಿ, ಸರಿರಾತ್ರಿ ಬರ್ರಿ, ಕಟ್ಟತೀನಿ. ಅದಕ್ಕಲ್ದ ಅಯ್ಯ ಅಂತ ನಾ ಯಾತಕ್ಕ ಇದ್ದೀನಿ?" ಗಂಟು ಹಾಕುತ್ತ ನನಗಷ್ಟೇ ಕೇಳುವಂತೆ ದನಿ ತಗ್ಗಿಸಿದರು. "ಲಿಂಗ ಬಿದ್ದ್ರ ಘಾತಾಗ್ತದ ಅಂತ ನಿಮಗ ಹೇಳಿದ್ದು ನಮ್ಮವ್ವ. ನಮ್ಮವ್ವನ ತಲ್ಯಾಗ ಅದನ್ನ ತುಂಬಿದ್ದು ನಾನು. ಒಂದು ಗಂಟು ಹಾಕಿದ್ರ ಮುಗಿಯೋ ಮಾತು, ಮನಿಮನಿಗಿ ಹೋಗಿ ಅಂಜಿಸಿದೆ. ನೀವು ದಾರ ಹೊಸೆದ್ರಿ. ಅಂಜಿಕಿ ಹೊಸೆದಾಂವ ನಾನು."

ತೆಗೆದ ದಾರಗಳನ್ನೆಲ್ಲ ಒಟ್ಟುಮಾಡಿ ಅಂಬಲಿ ಕಾಯಿಸಿದ ಒಲೆಗೆ ಹಾಕಿದರು. ಮೇಣದ ವಾಸನೆ ಎದ್ದಿತು. ಆಮೇಲೆ ತಾವೇ ಒಂದು ಬೋಗುಣಿ ಅಂಬಲಿ ತುಂಬಿ ಬೀಯಮ್ಮನ ಮುಂದಿಟ್ಟರು.

"ಅಡಕೊತ್ತಿನ ಕಚ್ಚು ನನಗ ಗುರ್ತ ಸಿಗ್ತದ ಬೀಯಮ್ಮ. ನಮ್ಮ ಬಾಯಾರು ಎಲಿ ಹಾಕಂಗಿಲ್ಲ," ಎಂದರು. ಬೀಯಮ್ಮ ಬೋಗುಣಿ ಹಿಡಿದುಕೊಂಡೇ ಅತ್ತಳು.

ಬೆಳೆ ಇಲ್ಲದ ಬದುವಿನ ಪಕ್ಕದಲ್ಲಿ ಹುಡುಗಿಯರು ಯಾರೂ ಹೇಳದೆ ಫುಗಡಿಗೆ ಕೈಕೈ ಹಿಡಿದರು. ಎಣಿಕೆಗೆ ಕಾಶಿಯ ಕಡೆ ನೋಡಿದರು. ಕಾಶಿ ಬಾಯಿ ತೆರೆದಳು. ಒಂದ, ಎರಡ. ತುಟಿಗಳು ಮೊದಲಿನ ಹಾಗೆಯೇ ಅಗಲವಾಗಿ ತೆರೆದು ಮುಚ್ಚಿದವು. ನಾನು ಕುಳಿತಲ್ಲಿಗೆ ಏನೂ ಕೇಳಿಸಲಿಲ್ಲ. ಅವಳು ಚಪ್ಪಾಳೆ ತಟ್ಟತೊಡಗಿದಳು. ಅವರು ತಿರುಗಿದರು. ಕರಡಿಗೆಗಳು ಹೊಸ ನೂಲಿನಲ್ಲಿ ಹಾರಾಡಿದವು. ಯಾವಾಗ ಬೇಕಾದರೂ ಹರಿಯುವ ನೂಲು.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಆ ಬೇಸಿಗೆಯಲ್ಲಿ ಲೋಹಾರಾಕ್ಕೆ ಮದುವೆಯಾಗಿ ಹೋದಳು, ನನಗೆ ಉಮರಗಾಕ್ಕೆ ವರ್ಗವಾಯಿತು. ಅಂಗಳದ ಗಿಳಿಗಳನ್ನು ಎಬ್ಬಿಸುವ ಕಂಠ ಅಲ್ಲಿ ಇನ್ನೊಂದು ಹುಟ್ಟಿತೋ ಇಲ್ಲವೋ ತಿಳಿಯದು.

ಆದರೆ ಎಳ್ಳ ಅಮಾವಾಸ್ಯೆಯ ಮರುದಿನ ಬೀಯಮ್ಮ ನನ್ನ ಬಾಗಿಲು ಬಡಿಯುತ್ತಿದ್ದಳು. "ಉಸ್ತಾನಿ ಬಾಯಿ! ಪೋರಿಗೋಳು ಬಂದು ಕುಂತಾರ, ನೀ ಇನ್ನಾ ಎದ್ದಿಲ್ಲೇನು?" ಕಣ್ಣು ಬಿಟ್ಟೆ. ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ತಹಸೀಲ ಕಚೇರಿಯ ತಟ್ಟೆ ಹತ್ತು ಬಾರಿಸುತ್ತಿತ್ತು. ರಾತ್ರಿಯಿಡೀ ಬಾರಿಸಿದ ಗಂಟೆಗಳು ಒಂದೂ ನನಗೆ ಕೇಳಿಸಿರಲಿಲ್ಲ.